ಸುತ್ತಿದವರೇ ಬಿಚ್ಚಬೇಕು

ನನ್ನ ತಮ್ಮ ತೀರಿಕೊಂಡ ದಿನ ಫೋನು ಬಂದಾಗ ನನ್ನ ಬೆಳಗಿನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಪ್ರಾರ್ಥನೆಯ ನಡುವೆ ಏಳುವ ವಾಡಿಕೆ ನನ್ನದಲ್ಲ. ಆದರೆ ಫೋನು ಹೊಡೆದುಕೊಂಡು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿದಾಗ ಎದ್ದೆ. ಎತ್ತಿದರೆ ತಮ್ಮನ ಮಗಳು.

"ಅತ್ತೆ, ಅಪ್ಪ ಗ್ರೌಂಡಲ್ಲಿ ಬಿದ್ದುಬಿಟ್ರಂತೆ. ನಾನು ಆಫೀಸಿಂದ ಹೊರಟಿದೀನಿ. ನಿಮ್ಮನೆ ಹತ್ತಿರ ಅಲ್ವಾ, ನೀವು ಮೊದಲು ಹೋಗಿ."

"ಬಿದ್ದ ಅಂದ್ರೆ? ಕಾಲು ಜಾರಿದ್ನಾ?"

"ಗೊತ್ತಿಲ್ಲ ಅತ್ತೆ. ಕೋಚ್ ಮಾತೇ ತಡವರಿಸ್ತಿತ್ತು."

ಅದಾದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದು ಈಗಲೂ ನೆನಪಿಲ್ಲ. ಕ್ರೀಡಾಂಗಣದ ಮೆಟ್ಟಿಲುಸಾಲಿನ ಕೆಳಗೆ ತಮ್ಮನ ಕೋಣೆ. ಮುಂದೆ ಎತ್ತರದ ಒಂದು ಮಂಚ, ಗೋಡೆಯ ಮೊಳೆಗಳಿಗೆ ನೇತುಹಾಕಿದ ರಬ್ಬರ್ ಪಟ್ಟಿಗಳು, ಪೌಡರಿನ ವಾಸನೆ. ಹಿಂದೆ ಟವೆಲು, ಬಕೆಟ್ಟು ಇಡುವ ಒಂದು ಸಣ್ಣ ಕೋಣೆ. ಆ ಹಿಂದಿನ ಕೋಣೆಯಲ್ಲಿ ಅವನನ್ನು ಮಲಗಿಸಿ, ಒಂದು ದೊಡ್ಡ ಟವೆಲನ್ನು ಎದೆಯವರೆಗೆ ಹೊದಿಸಿದ್ದರು. ಮುಖ ಮುಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಕೋಚ್ ನನ್ನನ್ನು ಕಂಡು ಟೋಪಿ ತೆಗೆದ. ಅಷ್ಟರಿಂದಲೇ ನನಗೆ ತಿಳಿಯಿತು.

ನಾನು ತಮ್ಮನ ಹಣೆಯ ಮೇಲೆ ಕೈಯಿಟ್ಟು, ಬಾಯಿಗೆ ಬಂದ ದೇವರ ಹೆಸರನ್ನು ಹೇಳಿದೆ. ಮುಂದಿನ ಕೋಣೆಗೆ ಬಂದಾಗ ಅವನ ಮೊಮ್ಮಗಳು, ಫೋನು ಮಾಡಿದವಳ ಮಗಳು, ಮಂಚದ ಅಂಚಿನಲ್ಲಿ ಕುಳಿತಿದ್ದಳು. ಅವಳು ಉದ್ದ ಜಿಗಿತದವಳು. ಗ್ರೌಂಡಿನವರೆಲ್ಲ ಅವಳನ್ನು ಮಿಡತೆ ಎಂದೇ ಕರೆಯುವುದು. ಎಡಗಾಲು ಮೊಣಕಾಲಿನಿಂದ ಕೆಳಗೆ ಬರಿದಾಗಿತ್ತು. ಚರ್ಮದ ಮೇಲೆ ಪಟ್ಟಿಯ ಅಚ್ಚು ಸುರುಳಿ ಸುರುಳಿಯಾಗಿ ಬಿದ್ದಿತ್ತು. ಪಟ್ಟಿ ನೆಲದ ಮೇಲಿತ್ತು. ಅವಳು ಅಳುತ್ತಿರಲಿಲ್ಲ, ಪಾದವನ್ನೇ ದಿಟ್ಟಿಸುತ್ತಿದ್ದಳು. "ಇಳಿ ಮಗು, ಮನೆಗೆ ಹೋಗೋಣ" ಎಂದೆ. ಇಳಿಯುವಾಗ ನನ್ನ ಹೆಗಲನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನಾಟಿತು. ದುಃಖದಿಂದ ಎಂದುಕೊಂಡೆ.

ತಮ್ಮನ ಕಸುಬನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವನು ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದ. ಗ್ರೌಂಡಿಗೆ ಬರುವ ಹುಡುಗರಿಗೆ ಕಾಲು ತಿಕ್ಕಿಕೊಡುವ ಹವ್ಯಾಸವೂ ಇತ್ತು. ಯಾರೋ ಒಬ್ಬ ಓಟಗಾರ ಹೊರಗಿನಿಂದ ಕಲಿತು ಬಂದು, ಸ್ನಾಯುವಿಗೆ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಸ್ವಲ್ಪ ಹೊತ್ತು ಕಾಲಾಡಿಸಿ, ಬಿಚ್ಚಿಬಿಡುವ ವಿದ್ಯೆಯನ್ನು ತೋರಿಸಿದ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ತಮ್ಮ ಅಂದೇ ಪಟ್ಟಿ ಮಾಡಿದ. ಬರಬರುತ್ತಾ ಕೊಂಡ ಪಟ್ಟಿಗಳು ಬಂದವು, ಸೈಕಲ್ ಅಂಗಡಿ ಮುಚ್ಚಿತು, ಅವನು ಪಟ್ಟಿ ಮಾಸ್ತರನಾದ. ಕಣಕಾಲಿನಿಂದ ಶುರುಮಾಡಿ ಮೇಲಕ್ಕೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರುವಂತೆ ಎಳೆದು ಸುತ್ತುತ್ತಿದ್ದ. "ಪಾದ ಮೇಲೆತ್ತು, ಕೆಳಗಿಳಿಸು, ಕೂತು ಏಳು" ಎನ್ನುತ್ತಿದ್ದ. ಪಾದ ಬಿಳಿಚಿಕೊಳ್ಳುವುದಕ್ಕೆ ಮುಂಚೆಯೇ ಸರಕ್ಕನೆ ಬಿಚ್ಚುತ್ತಿದ್ದ. ತಡೆದು ನಿಂತ ರಕ್ತ ನುಗ್ಗಿ ಕಾಲು ಕೆಂಪಾಗುತ್ತಿತ್ತು. ಕಣಕಾಲು ಇನ್ನಷ್ಟು ಬಾಗುತ್ತದೆ, ನೆಗೆತ ಹಗುರವಾಗುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು. ಎತ್ತರ ಜಿಗಿತದವನೊಬ್ಬ, ಒಂಟೆ ಎಂದು ಅಡ್ಡಹೆಸರು, ಪಟ್ಟಿ ಸುತ್ತಿಸಿಕೊಳ್ಳದೆ ಶೂ ಕೂಡ ಹಾಕುತ್ತಿರಲಿಲ್ಲ.

ಅವನ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು: ಸುತ್ತಿದವರೇ ಬಿಚ್ಚಬೇಕು. ಅದು ಸುಮ್ಮನೆ ಹುಟ್ಟಿದ್ದಲ್ಲ. ಮಕ್ಕಳು ನಡುವೆಯೇ ಬಿಚ್ಚಿ ನೋಡುವುದು, ಗೆಳೆಯನ ಕೈಲಿ ಇನ್ನಷ್ಟು ಬಿಗಿಸಿಕೊಳ್ಳುವುದು, ಹೀಗೆಲ್ಲ ಮಾಡಿ ಒಬ್ಬ ಕಾಲು ಊದಿಸಿಕೊಂಡಿದ್ದ. ಎಷ್ಟು ಎಳೆದಿದೆ ಎಂಬುದು ಎಳೆದ ಕೈಗೇ ಗೊತ್ತು, ಆದ್ದರಿಂದ ಬಿಚ್ಚುವ ಹೊತ್ತೂ ಆ ಕೈಗೇ ಗೊತ್ತು ಎಂದು ತಮ್ಮ ಅಂದಿನಿಂದ ಕಟ್ಟುನಿಟ್ಟು ಮಾಡಿದ. ಮಿಡತೆ ಚಿಕ್ಕವಳಿದ್ದಾಗ ಒಮ್ಮೆ ತಾನೇ ಬಿಚ್ಚಿಕೊಂಡದ್ದಕ್ಕೆ, ಮೊಮ್ಮಗಳು ಎಂದೂ ನೋಡದೆ, ಎಷ್ಟೋ ದಿನ ಅವಳ ಕಾಲು ಮುಟ್ಟಲಿಲ್ಲ. "ಮದುವೆ ಗಂಟಾದ್ರೂ ವಕೀಲ ಬಿಚ್ಚಿಯಾನು, ಇದನ್ನ ಮಾಸ್ತರೇ ಬಿಚ್ಚಬೇಕಪ್ಪ" ಎಂದು ಒಂಟೆ ನಗಿಸುತ್ತಿದ್ದ. ನಗುತ್ತ ನಗುತ್ತಲೇ ಅದು ಅವರೆಲ್ಲರಿಗೂ ವ್ರತವಾಗಿತ್ತು.

ಅಂತ್ಯಸಂಸ್ಕಾರ ಮುಗಿಯಿತು. ಸೋದರಸೊಸೆಯ ಜೊತೆಗಿರಲು ನಾನು ಅವರ ಮನೆಯಲ್ಲೇ ಉಳಿದೆ. ಬಂದವರು ಹೋದರು, ಮನೆ ನಿಶ್ಶಬ್ದವಾಯಿತು. ಆಗ ನನಗೆ ಒಂದು ಸದ್ದು ಕೇಳಿಸತೊಡಗಿತು. ಮಿಡತೆ ಕೋಣೆಯಿಂದ ಅಡುಗೆಮನೆಗೆ ಹೋದರೆ ಒಂದು ಹೆಜ್ಜೆ ಮೆತ್ತಗೆ, ಮುಂದಿನ ಹೆಜ್ಜೆ ಟಪ್. ಮೆತ್ತಗೆ, ಟಪ್. ಒದ್ದೆ ಬಟ್ಟೆಯನ್ನು ನೆಲಕ್ಕೆ ಬಿಟ್ಟಹಾಗೆ. ಅವಳ ನಡಿಗೆ ಎಂದರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು ಹೆದರಿಸುವುದು ಅವಳಿಗೆ ಆಟವಾಗಿತ್ತು. ಪ್ರಾರ್ಥನೆಗೆ ಕುಳಿತರೆ ತಮ್ಮನ ಹೆಸರು ಹೇಳುತ್ತ ಹೇಳುತ್ತ ನನ್ನ ಕಿವಿ ಬಾಗಿಲ ಕಡೆ ತಿರುಗುತ್ತಿತ್ತು. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುವುದನ್ನು ಕಂಡೆ. ಮೆಟ್ಟಿಲು ಹತ್ತುವಾಗ ಮೊಣಕಾಲನ್ನು ಅತಿಯಾಗಿ ಎತ್ತಿ, ನೀರಿನಲ್ಲಿ ನಡೆಯುವವಳಂತೆ ಹೆಜ್ಜೆ ಇಡುವುದನ್ನೂ ಕಂಡೆ.

ಅವಳ ತಾಯಿ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ ಕರೆದೆ.

"ಇಲ್ಲಿ ಬಾ. ಕಾಲು ತೋರಿಸು."

"ಏನಿಲ್ಲ ಅಜ್ಜಿ. ಜೋಮು ಹಿಡಿದಿದೆ."

"ಅವತ್ತು ಹಿಡಿದ ಜೋಮು ಇವತ್ತಿನವರೆಗೆ ಇರುತ್ತಾ? ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಮುದುಕಿಯಾದವಳು ಕಣೇ. ಸುಳ್ಳು ಹೇಳೋವಾಗ ಮೂಗು ಯಾಕೆ ಉಜ್ಜಿಕೊಳ್ತೀಯ?"

ಅವಳು ಕೈ ಕೆಳಗಿಳಿಸಿದಳು. ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಳು. ಬಲಪಾದದ ಬೆರಳುಗಳನ್ನು ತನ್ನ ಕಡೆಗೆ ಎತ್ತಿ ತೋರಿಸಿದಳು. ಎಡಪಾದ ತೂಗುಬಿದ್ದೇ ಇತ್ತು. ಕುತ್ತಿಗೆಯ ನರ ಉಬ್ಬುವಷ್ಟು ಯತ್ನಿಸಿದಳು; ಪಾದ ಅಲುಗಲಿಲ್ಲ.

"ಅಜ್ಜ ಸುತ್ತಿದ್ರು" ಎಂದಳು. "ಮೊಣಕಾಲ ಕೆಳಗಿನ ತನಕ. 'ಆಡಿಸ್ತಿರು, ಟವೆಲ್ ತರ್ತೀನಿ' ಅಂತ ಒಳಗೆ ಹೋದ್ರು. ಹೊರಗೆ ಹುಲ್ಲು ಕತ್ತರಿಸೋ ಯಂತ್ರ ಓಡ್ತಿತ್ತು. ಏನೂ ಕೇಳಿಸಲಿಲ್ಲ ಅಜ್ಜಿ, ದೇವರಾಣೆ. ಹಿಂದಿನ ಬಾಗಿಲಲ್ಲಿ ನಿಂತು ಮಾಲಿ ಜೊತೆ ಹರಟೆಗೆ ಬಿದ್ದಿದಾರೆ ಅಂದ್ಕೊಂಡೆ. ಕೂಗಿದೆ. ಕಾಲು ಚುಚ್ಚೋಕೆ ಶುರುವಾಯ್ತು. ಆಮೇಲೆ ನೋವೇ ನಿಂತುಹೋಯ್ತು. ಒಳ್ಳೇದಾಯ್ತು ಅಂದ್ಕೊಂಡೆ."

"ಬಿಚ್ಚಬಾರದಾಗಿತ್ತೇ, ಮಗೂ?"

"ಅಜ್ಜ ಬಿಚ್ಚಬೇಕಿತ್ತಲ್ಲ!"

ಬೇರೆ ಯಾವ ಮಗುವೂ ಅಷ್ಟು ಹೊತ್ತು ಮಲಗಿರುತ್ತಿರಲಿಲ್ಲ. ಅವನ ಮೊಮ್ಮಗಳು ಮಲಗಿದ್ದಳು. ಕೋಚ್ ಬಂದು ಒಳಗೆ ಹೋಗಿ ಕೂಗಿಕೊಂಡಾಗ ಇವಳು ಮಂಚದಿಂದ ಹಾರಿ, ಕಾಲು ನಿಲ್ಲದೆ ಬಿದ್ದು, ಆಗ ಪಟ್ಟಿಯನ್ನು ಕಿತ್ತೆಸೆದಿದ್ದಳು.

"ನಾನೇ ಬಿಚ್ಚಿಕೊಂಡು ಒಳಗೆ ಹೋಗಿದ್ರೆ ಅಜ್ಜ ಉಳೀತಿದ್ರಾ, ಅಜ್ಜಿ?"

ತಿಳಿಯದ್ದನ್ನು ತಿಳಿದಂತೆ ಹೇಳುವುದು ಪಾಪವೆಂದು ನಂಬಿದವಳು ನಾನು. ಅವಳ ತಲೆಯನ್ನು ಎದೆಗೊತ್ತಿಕೊಂಡೆ.

"ಅಮ್ಮನಿಗೆ ಹೇಳಬೇಡಿ. ಯಾರಿಗೂ ಹೇಳಬೇಡಿ. ಸತ್ತ ಮೇಲೆ ಅಜ್ಜನ್ನ ಬೈತಾರೆ. ಮೊಮ್ಮಗಳ ಕಾಲನ್ನೇ ಕೆಡಿಸಿದ ಅಂತಾರೆ. ಆಯ್ಕೆ ಪಂದ್ಯದ ಹೊತ್ತಿಗೆ ಸರಿಹೋಗುತ್ತೆ."

"ಸರಿಹೋಗದಿದ್ರೆ?"

ಅವಳು ಮತ್ತೆ ಮೂಗು ಉಜ್ಜಿಕೊಂಡಳು.

ಅಂದು ಸಂಜೆಯೇ ಅವಳ ತಾಯಿಗೆ ಹೇಳಿದೆ. ಸತ್ತವನ ಹೆಸರನ್ನು ಕಾಪಾಡುವುದು ನನಗೂ ಬೇಕಿತ್ತು. ಆದರೆ ಅದಕ್ಕೆ ಬದುಕಿರುವ ಮಗುವಿನ ಕಾಲನ್ನು ತೆರಲಾರೆ. ಸೋದರಸೊಸೆ ಮೊದಲು ಮಗಳನ್ನು ಬೈದಳು, ಆಮೇಲೆ ನನ್ನನ್ನು, ಕೊನೆಗೆ ಗೋಡೆಯ ಮೇಲಿನ ಅಪ್ಪನ ಚಿತ್ರಕ್ಕೆ ಮುಖಮಾಡಿ, "ಎಷ್ಟು ಸಲ ಹೇಳಿದ್ದೆ ನಿಮಗೆ, ಆ ಹಠ ಬಿಡಿ ಅಂತ" ಎಂದು ಕುಸಿದು ಕುಳಿತಳು. ತಂದೆಗಾಗಿ ಅತ್ತದ್ದಕ್ಕಿಂತ ಹೆಚ್ಚು ಅಂದು ಅತ್ತಳು.

ನರದ ಡಾಕ್ಟರು ಮಾತು ಕಡಮೆಯ ಹೆಂಗಸು. ಮಿಡತೆಯ ಕಾಲನ್ನು ಸೂಜಿಯ ಮೊನೆಯಿಂದ ಅಲ್ಲಲ್ಲಿ ಮುಟ್ಟಿ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎಂದು ಕೇಳುತ್ತ ಹೋದರು. ಪಾದದ ಮೇಲ್ಭಾಗಕ್ಕೆ ಬಂದಾಗ ಮಗು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಮೊಣಕಾಲಿನ ಕೆಳಗೆ, ಹೊರಮಗ್ಗುಲಿನಲ್ಲಿ ಗುಬುಟಾದ ಮೂಳೆಯ ಮೇಲೆ ಬೆರಳಿಟ್ಟರು.

"ಪಾದ ಎತ್ತೋ ನರ ಇಲ್ಲಿ ಚರ್ಮದ ಕೆಳಗೇ ಸುತ್ತಿಕೊಂಡು ಹೋಗುತ್ತೆ. ಅದರ ಮೇಲೆ ಪಟ್ಟಿ ತುಂಬ ಹೊತ್ತು ಕೂತಿದೆ. ಹರಿದಿಲ್ಲ, ನಜ್ಜಾಗಿದೆ. ಹೆಚ್ಚಿನವರಲ್ಲಿ ವಾಪಸ್ ಬರುತ್ತೆ."

"ಹೆಚ್ಚಿನವರಲ್ಲಿ ಅಂದ್ರೆ?" ಎಂದಳು ಸೋದರಸೊಸೆ.

"ಎಲ್ಲರಲ್ಲೂ ಅಂತ ನಾನು ಹೇಳಲಾರೆ. ಯಾವಾಗ ಅಂತಲೂ ಹೇಳಲಾರೆ. ಕಾಯಬೇಕು."

ಪಾದ ಜೋತುಬೀಳದಂತೆ ಹಿಡಿದಿಡುವ ಒಂದು ಪ್ಲಾಸ್ಟಿಕ್ ಅಚ್ಚನ್ನು ಬರೆದುಕೊಟ್ಟರು. ನಾನು ತಡೆಯಲಾರದೆ, "ಆ ಪಟ್ಟಿಯಿಂದ ಪ್ರಯೋಜನವೇ ಇಲ್ಲವೇ, ಡಾಕ್ಟರೇ?" ಎಂದು ಕೇಳಿದೆ. ತಮ್ಮನ ಇಡೀ ಬದುಕೇ ಆ ಪ್ರಶ್ನೆಯಲ್ಲಿತ್ತು.

"ಇಲ್ಲ ಅಂತಲ್ಲಮ್ಮ. ಸ್ವಲ್ಪ ಹೊತ್ತು ಸುತ್ತಿ ತೆಗೆದ್ರೆ ಕೆಲವರಿಗೆ ಕೀಲು ಸಲೀಸಾಗಿ ಬಾಗುತ್ತೆ. ಜಿಗಿತ ಹೆಚ್ಚುತ್ತಾ ಅಂದ್ರೆ, ಹೌದು ಅನ್ನೋರೂ ಇದಾರೆ, ಇಲ್ಲ ಅನ್ನೋರೂ ಇದಾರೆ. ನಂಬಿಕೆ ಎಷ್ಟು, ರಬ್ಬರ್ ಎಷ್ಟು ಅಂತ ಬೇರೆ ಮಾಡೋದು ಕಷ್ಟ. ಆದ್ರೆ ಮರಗಟ್ಟಿದ ತಕ್ಷಣ ತೆಗೀಬೇಕು. ಯಾರಾದ್ರೂ ಸರಿ, ತೆಗೀಬೇಕು."

ಯಾರಾದರೂ ಸರಿ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಮಾತು ನನ್ನನ್ನು ಕುಟುಕುತ್ತಲೇ ಇತ್ತು.

ಆಯ್ಕೆ ಪಂದ್ಯದ ದಿನ ಮಿಡತೆ ಕಿಟಕಿಯ ಬಳಿ ಕುಳಿತು ಬಟಾಣಿ ಸುಲಿದಳು. ಕಾಲುನೋವು ಎಂದಷ್ಟೇ ಕೋಚಿಗೆ ಹೇಳಿಸಿದ್ದಳು. ದಿನಕ್ಕೆ ಎಷ್ಟು ಸಲವೋ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅಚ್ಚನ್ನು ಬಿಚ್ಚಿ ಬೆರಳುಗಳನ್ನು ದಿಟ್ಟಿಸುತ್ತಿದ್ದಳು. ನಾನೂ ಯಾರಿಗೂ ಕಾಣದಂತೆ ಅವಳನ್ನು ದಿಟ್ಟಿಸುತ್ತಿದ್ದೆ. ಬೆರಳು ಏಳುತ್ತಿರಲಿಲ್ಲ. ನನ್ನ ಪ್ರಾರ್ಥನೆಯೂ ಕೆಟ್ಟಿತ್ತು. ಸತ್ತವನ ಶಾಂತಿಗೆಂದು ಕಣ್ಣು ಮುಚ್ಚಿದರೆ ನಾಲಿಗೆ ತಾನಾಗಿ ಕಾಲಿನ ಕಡೆ ಜಾರುತ್ತಿತ್ತು. ಒಮ್ಮೊಮ್ಮೆ ತಮ್ಮನ ಮೇಲೆ ಸಿಟ್ಟೂ ಬರುತ್ತಿತ್ತು. ತೀರಿಕೊಂಡವನ ಮೇಲೆ ಸಿಟ್ಟಾಗುವುದೇ ಎಂದು ಮತ್ತೆ ಕ್ಷಮೆ ಬೇಡುತ್ತಿದ್ದೆ.

ಕೆಲವು ದಿನಗಳ ಮೇಲೆ ಕೋಚ್ ಮನೆಗೆ ಬಂದ. ಗ್ರೌಂಡಿನಲ್ಲಿ ಮಾಸ್ತರ ನೆನಪಿಗೆ ಒಂದು ಸಭೆ ಇಟ್ಟುಕೊಂಡಿದ್ದೇವೆ ಎಂದ.

"ಅಮ್ಮ, ಅವರ ಕೋಣೆ ಗೋಡೆ ಮೇಲೆ ಅವರ ಮಾತನ್ನೇ ಬರೆಸ್ತಿದೀವಿ. 'ಸುತ್ತಿದವರೇ ಬಿಚ್ಚಬೇಕು' ಅಂತ. ಸುತ್ತೋ ಕೆಲಸ ಈಗ ನಾನೇ ಮಾಡ್ತಿದೀನಿ. ಅವರ ಕೈ ಬರಲ್ಲ ನಂಗೆ. ಆದ್ರೆ ಕಟ್ಟಳೆ ಮಾತ್ರ ಒಂದಿಷ್ಟೂ ಸಡಿಲ ಬಿಟ್ಟಿಲ್ಲ."

ನಾನು ಮಿಡತೆಯ ಮುಖ ನೋಡಿದೆ. ಅವಳು ಉದ್ದ ಲಂಗದೊಳಗೆ ಅಚ್ಚನ್ನು ಮರೆಸಿಕೊಂಡು, "ಬರೆಸಿ ಸರ್. ಚೆನ್ನಾಗಿರುತ್ತೆ" ಎಂದಳು. ಅವನು ಹೋದ ಮೇಲೆ ನಾನು, "ಹಾಗೆ ಬರೆಸಬಹುದೇನೇ? ನಾಳೆ ಇನ್ನೊಬ್ಬರ ಮಗುವಿಗೆ ಹೀಗಾದರೆ?" ಎಂದೆ. "ಕೋಚ್ ಗಟ್ಟಿಮುಟ್ಟಾಗಿದಾರಲ್ಲ, ಎಲ್ಲಿ ಬೀಳ್ತಾರೆ" ಎಂದಳು. ಹೇಳಿದವಳಿಗೇ ಆ ಮಾತು ಒಪ್ಪಿಗೆಯಾಗಲಿಲ್ಲ. ನಾನೇ ಹೇಳಿಬಿಡಲೇ ಎಂದು ಮನಸ್ಸು ಹೊಯ್ದಾಡಿತು. ಅದನ್ನು ಅವಳು ಹೇಳುವುದೇ ಸರಿ; ಹೇಳದಿದ್ದರೆ ಸಭೆಯಲ್ಲಿ ನಾನು ಎದ್ದು ನಿಲ್ಲುತ್ತೇನೆ ಎಂದು ಅವಳ ಎದುರಿಗೇ ತಿಳಿಸಿದೆ. ಅವಳು ನನ್ನೊಂದಿಗೆ ಮಾತು ಬಿಟ್ಟಳು.

ಸಭೆಯ ಬೆಳಿಗ್ಗೆ ನಾವು ಮೂವರೂ ಬೇಗ ಹೋದೆವು. ಮೆಟ್ಟಿಲುಸಾಲಿನ ನೆರಳಿನಲ್ಲಿ ಕುರ್ಚಿಗಳನ್ನು ಹಾಕುತ್ತಿದ್ದರು. ತಮ್ಮನ ಕೋಣೆಯಲ್ಲಿ ಪೇಂಟರ್ ಏಣಿಯ ಮೇಲೆ ನಿಂತು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದ. ಮಂಚದ ಮೇಲೆ ಒಂಟೆ ಮಲಗಿದ್ದ. ಸಭೆಯಾದ ಮೇಲೆ ಮಾಸ್ತರ ಹೆಸರಿನಲ್ಲಿ ಒಂದು ಜಿಗಿತ ಎಂದು ಮಾತಾಗಿತ್ತಂತೆ. ಎರಡೂ ಕಾಲಿಗೆ ಪಟ್ಟಿ ಸುತ್ತಿತ್ತು.

"ಬಾ ಮಿಡತೆ!" ಎಂದ ಅವನು. "ನೀನಿಲ್ದೆ ಮರಳುಗುಂಡಿ ಭಣಭಣ ಅಂತಿದೆ. ಏನೇ ಇದು ಕಾಲಿಗೆ, ಪ್ಲಾಸ್ಟಿಕ್ ಬೂಟು?"

"ಫ್ಯಾಷನ್ನು. ಸುತ್ತಿದ್ದು ಯಾರು? ಕೋಚ್ ಎಲ್ಲಿ?"

"ಯಾರೋ ದೊಡ್ಡವರು ಬಂದ್ರು ಅಂತ ಗೇಟಿಗೆ ಓಡಿದ್ರು. ಬರ್ತಾರೆ. ಮೊದಲು ಉರೀತಿತ್ತು, ಈಗ ಪರವಾಗಿಲ್ಲ, ನೋವೇ ಇಲ್ಲ."

ಮಿಡತೆ ಬಾಗಿ ಅವನ ಪಾದ ನೋಡಿದಳು. ನಾನೂ ನೋಡಿದೆ. ಉಗುರುಗಳು ಮೇಣದಂತಿದ್ದವು. ಅವಳು ಹೆಬ್ಬೆರಳನ್ನು ಒತ್ತಿ ಬಿಟ್ಟಳು, ರಕ್ತ ಮರಳಲಿಲ್ಲ.

"ಬೆರಳು ಆಡಿಸು."

"ಆಡಿಸ್ತಿದೀನಲ್ಲ."

"ಆಡ್ತಿಲ್ಲ ಕಣೋ!"

ಅವಳು ಪಟ್ಟಿಯ ತುದಿಗೆ ಕೈ ಹಾಕಿದಳು. ಒಂಟೆ ಅವಳ ಮಣಿಕಟ್ಟು ಹಿಡಿದ. "ಏಯ್, ಹುಚ್ಚೀ, ನೀನು ಬಿಚ್ಚಬಾರ್ದು! ಮಾಸ್ತರ ಮೊಮ್ಮಗಳಾಗಿ, ಅದೂ ಇವತ್ತೇ!" ಏಣಿಯ ಮೇಲಿದ್ದ ಪೇಂಟರ್ ಕೂಡ ತಿರುಗಿ, "ಅದೇ ತಾಯಿ ನಾನು ಬರೀತಿರೋದು" ಎಂದ.

ಮಿಡತೆ ಅವನ ಕೈ ಕೊಡವಿದಳು. ಸರಸರನೆ ಎಳೆದಳು. ಒಂದು ಕಾಲು, ಇನ್ನೊಂದು ಕಾಲು. ಪಟ್ಟಿ ಮೇಲಿನಿಂದ ಕೆಳಗೆ ಉರುಳುರುಳಾಗಿ ಬಿಚ್ಚಿ ಅವಳ ಕೈಗೆ ತೊಡರಿಕೊಂಡಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ದೇವರ ಹೆಸರು ಹಿಡಿದು ನಿಂತೆ. ಆಮೇಲೆ ಪಾದಕ್ಕೆ ಬಣ್ಣ ಮರಳಿತು, ಒಂಟೆ "ಅಯ್ಯಯ್ಯೋ, ಚುಚ್ತಿದೆ, ಚುಚ್ತಿದೆ" ಎಂದು ಕಿರುಚಿದ. ಅಷ್ಟು ಸಿಹಿಯಾದ ಕಿರುಚಾಟವನ್ನು ನಾನು ಕೇಳಿದ್ದೇ ಇಲ್ಲ.

ಸದ್ದಿಗೆ ಕೋಚ್ ಓಡಿಬಂದ. ಬಾಗಿಲಲ್ಲಿ ಮಂದಿ ತುಂಬಿದರು. ಅವಳ ಕೈಯಲ್ಲಿ ಪಟ್ಟಿ ಕಂಡು ಅವನ ಹುಬ್ಬು ಗಂಟಿಕ್ಕಿತು. "ಯಾರು ಬಿಚ್ಚಿದ್ದು? ನೀನೇನಮ್ಮಾ?"

"ನಾನೇ ಸರ್." ಅವಳು ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಅಚ್ಚನ್ನು ಕಳಚಿದಳು. ಎಡಪಾದ ತೊಪ್ಪನೆ ಜೋತುಬಿತ್ತು. "ಅವತ್ತು ಬಿಚ್ಚದೆ ಮಲಗಿದ್ದೆ. ಅಜ್ಜ ಒಳಗೆ ಬಿದ್ದಿದ್ರು, ನಾನಿಲ್ಲಿ ಅಜ್ಜ ಬರಲಿ ಅಂತ ಮಲಗಿದ್ದೆ. ಅದಕ್ಕೇ ಹೀಗಾಗಿದೆ. ಅಜ್ಜನ್ನ ಬೈಬೇಡಿ ಸರ್. ಬಿಗಿ ಹೆಚ್ಚಾಗಿರಲಿಲ್ಲ. ಬಿಚ್ಚೋರು ಇರಲಿಲ್ಲ, ಅಷ್ಟೆ."

ಯಾರೂ ಬೈಯಲಿಲ್ಲ. ಕೋಚ್ ಒಂಟೆಯ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದ. "ಗೇಟಿನ ಹತ್ತಿರ ಮಾತಿಗೆ ನಿಂತುಬಿಟ್ಟೆ" ಎಂದು ಮತ್ತೆ ಮತ್ತೆ ಹೇಳಿದ. ಪೇಂಟರ್ ಏಣಿಯಿಂದಿಳಿದು, "ಸಾರ್, ನಾನು ಬರೀಲೋ, ಬೇಡವೋ?" ಎಂದ. ಎಲ್ಲರೂ ನನ್ನ ಕಡೆ ನೋಡಿದರು.

"ಬರಿಯಪ್ಪ" ಎಂದೆ. "ಮರಗಟ್ಟಿದರೆ ಯಾರು ಬೇಕಾದರೂ ಬಿಚ್ಚಬೇಕು ಅಂತ ಬರಿ."

"ಮಾಸ್ತರ ಮಾತು ಅಂತ ಕೆಳಗೆ ಹಾಕಲಾ?"

ನಾನು ತಡೆದೆ. ಅವನು ಆಡದ ಮಾತನ್ನು ಅವನ ತಲೆಗೆ ಕಟ್ಟಲಾರೆ. ಅಷ್ಟರಲ್ಲಿ ಸೋದರಸೊಸೆ, "ಮೊಮ್ಮಗಳ ಮಾತು ಅಂತ ಹಾಕಿ" ಎಂದಳು. ಮಗಳ ಕಾಲಿನ ವಿಷಯ ತಿಳಿದಂದಿನಿಂದ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು.

ಒಂಟೆ ಆ ಹೊತ್ತಿಗೆ ಎದ್ದು ನಿಂತು, ಕುಂಟುತ್ತ ಎರಡು ಸುತ್ತು ಹಾಕಿ ನೆಟ್ಟಗಾದ. ಅವನಿಗೆ ದೇವರು ಬೇಗ ಕೊಟ್ಟ. ನಮ್ಮ ಮಗುವಿಗೆ ಇನ್ನೂ ಕಾಯಿಸುತ್ತಿದ್ದಾನೆ.

ನಿನ್ನೆ ಬೆಳಿಗ್ಗೆ ನಾನು ಪ್ರಾರ್ಥನೆಗೆ ಕುಳಿತಿದ್ದಾಗ ಅವಳು ಬಂದು ಪಕ್ಕದಲ್ಲಿ ಕಾಲು ಚಾಚಿದಳು. "ಅಜ್ಜಿ, ನೋಡಿ. ಹೆಬ್ಬೆರಳು ಎದ್ದಿತಾ?" ನನ್ನ ಕಣ್ಣು ಮಂಜು. ಬೆರಳಿನ ಮೇಲೆ ಅಂಗೈಯಿಟ್ಟೆ. "ಈಗ ಮಾಡು" ಎಂದೆ. ಮೊದಲು ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ಆಮೇಲೆ ಮೊಟ್ಟೆಯೊಳಗಿನ ಮರಿ ಮಿಸುಕಿದಷ್ಟು, ಅಷ್ಟೇ ಅಷ್ಟು, ಅಂಗೈಗೆ ತಾಕಿತು. ಡಾಕ್ಟರು, ನರ ಎಚ್ಚರವಾಗುತ್ತಿದೆ, ಜಿಗಿತದ ಮಾತು ಮಾತ್ರ ಈಗಲೇ ಬೇಡ ಎಂದಿದ್ದಾರೆ. ಮುಂದೆ ಆ ಕಾಲು ಅವಳನ್ನು ಮೊದಲಿನಂತೆ ಎತ್ತೀತೋ ಇಲ್ಲವೋ ನಮಗೆ ತಿಳಿಯದು.

ಆದರೆ ನಿನ್ನೆ, ಬಹಳ ದಿನಗಳ ಮೇಲೆ, ನಾಲಿಗೆ ಜಾರದೆ ತಮ್ಮನ ಹೆಸರನ್ನು ಪೂರ್ತಿ ಹೇಳಿದೆ. ಅವಳೂ ಕೈ ಜೋಡಿಸಿದಳು.

ದೇವರೇ, ನನ್ನ ತಮ್ಮ ಅನೇಕರ ಕಾಲುಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಪಚರಿಸಿದವನು. ಅವನಿಗೆ ತಿಳಿದಷ್ಟನ್ನು ಒಳ್ಳೆಯ ಮನಸ್ಸಿನಿಂದ ಮಾಡಿದ. ತಿಳಿಯದ್ದನ್ನು ನೀನು ಮನ್ನಿಸು. ಬಿದ್ದ ಕ್ಷಣದಲ್ಲಿ ಅವನು ಮೊಮ್ಮಗಳನ್ನು ಕರೆದನೋ ಏನೋ, ಅದು ನಿನಗೊಬ್ಬನಿಗೇ ಗೊತ್ತು. ಆ ಕೂಗು ನಿನಗೆ ಮುಟ್ಟಿರಲಿ. ಬಿಚ್ಚದೆ ಬಿಟ್ಟು ಬಂದೆನಲ್ಲ ಎಂಬ ಕಳವಳ ಅವನನ್ನು ಅಲ್ಲಿ ಕಾಡದಿರಲಿ. ಇಲ್ಲಿ ನಾವಿದ್ದೇವೆ, ನೋಡಿಕೊಳ್ಳುತ್ತೇವೆ. ಅವನ ಆತ್ಮಕ್ಕೆ ಶಾಂತಿಯನ್ನು ಕೊಡು.